ದುರ್ಗದ ಬಂಡೆಗಳು, ಮಾಕಳಿ ಗುಂಡಿಗಳು ಮತ್ತು ಹೆಸರು ಬರೆಯದ ಒಂದು ಗುಡ್ಡ

ಚಿತ್ರದುರ್ಗಕ್ಕೆ ಹೋದವರು ಕೋಟೆ ಹತ್ತುತ್ತಾರೆ, ಓಬವ್ವನ ಕಿಂಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಟೈಮಿದ್ದರೆ ಚಂದ್ರವಳ್ಳಿ ನೋಡಿ ಬಸ್ ಹತ್ತುತ್ತಾರೆ. ನಾವು ಹೋಗಿದ್ದು ಗಿಡ ನೋಡೋಕೆ. ಅದೂ ಎಂಥ ಗಿಡ? ನೆರಳಿಲ್ಲ, ನೆಟ್ಟಗೆ ಎಲೆಯೂ ಇಲ್ಲ, ಕೆಲವು ಹೂ ಬಿಟ್ಟರೆ ಸತ್ತ ಇಲಿಯ ವಾಸನೆ. ಜೊತೆಗೆ ಬಂದವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಒಬ್ಬ ಮೇಷ್ಟ್ರು. ದಾವಣಗೆರೆಯಲ್ಲಿ ನಮ್ಮ ಬೀದಿಯವರೇ. ಚೀಲದಲ್ಲಿ ಭೂತಗನ್ನಡಿ, ಕುಡಿಯೋ ನೀರು, ಒಂದು ಪೊಟ್ಟಣ ಖಾರ ಮಂಡಕ್ಕಿ ಇದ್ದರೆ ಅವರು ಎಲ್ಲಿಗೆ ಬೇಕಾದರೂ ಹೊರಡುತ್ತಾರೆ.

ಸೆಪ್ಟೆಂಬರ್ ತಿಂಗಳು. ಮಳೆ ಒಂದಿಷ್ಟು ಬಿದ್ದು ಗುಡ್ಡಗಳು ಹಸಿರಾಗಿದ್ದವು. ಈ ಸೀಮೆ ಹಸಿರಾಗಿ ಕಾಣೋದೇ ಆ ಎರಡು ಮೂರು ತಿಂಗಳು.

ಶುಕ್ರವಾರ: ಕೋಟೆ

ಬೆಳಗ್ಗೆ ಹತ್ತಕ್ಕೆಲ್ಲ ಕೋಟೆ ಬಾಗಿಲಲ್ಲಿದ್ದೆವು. ಶಾಲೆ ಮಕ್ಕಳ ಎರಡು ಬಸ್ಸು ಆಗಲೇ ಬಂದು ನಿಂತಿದ್ದವು. ಗೈಡುಗಳು ಮದಕರಿ ನಾಯಕನ ಕಥೆ ಶುರು ಮಾಡಿದರು. ಮೇಷ್ಟ್ರು ಗೋಡೆಯ ಸಂದಿಗಳನ್ನು ನೋಡುತ್ತಾ ಹಿಂದೆ ಉಳಿದರು.

ಬಂಡೆ ಅಂದರೆ ಬರೀ ಬಂಡೆ ಅಲ್ಲ. ಬಿರುಕಿನಲ್ಲಿ ಒಂದು ಹಿಡಿ ಮಣ್ಣು, ನಾಲ್ಕು ಒಣಗಿದ ಎಲೆ ಸೇರಿಕೊಂಡರೆ ಅಲ್ಲೊಂದು ಗಿಡ ಇರುತ್ತೆ. ಮೊದಲು ಸಿಕ್ಕಿದ್ದು ಮಂಗರವಳ್ಳಿ. ನಾಲ್ಕು ಮೂಲೆಯ ಕಾಂಡ, ಗೆಣ್ಣು ಗೆಣ್ಣಾಗಿ ಬಂಡೆ ಮೇಲೆ ಹರಿದಿತ್ತು. ಮೂಳೆ ಮುರಿದರೆ ಕಟ್ಟೋಕೆ ಹಳ್ಳಿಯವರು ಹುಡುಕೋದು ಇದನ್ನೇ. ಸ್ವಲ್ಪ ಮೇಲೆ ಮುಂಡುಗಳ್ಳಿ. ಒಂದು ಕೊಂಬೆ ಮುರಿದಿತ್ತು, ಹಾಲು ಒಣಗಿ ಬಿಳಿ ಗೆರೆಯಾಗಿತ್ತು. ಅದರ ಪಕ್ಕದಲ್ಲೇ ಪಾಪಾಸುಕಳ್ಳಿ. ಅದರ ದಪ್ಪ ಹಾಳೆಗಳ ಮೇಲೆ ಯಾರ್ಯಾರೋ ತಮ್ಮ ಹೆಸರು, ಹುಡುಗಿ ಹೆಸರು ಗೀಚಿದ್ದರು.

ಈ ಪಾಪಾಸುಕಳ್ಳಿ ನಮ್ಮೂರಿನದಲ್ಲ ಅಂದರೆ ಬಹಳ ಜನ ನಂಬೋದಿಲ್ಲ. ಕ್ಯಾಕ್ಟಸ್ ಜಾತಿಯ ಗಿಡಗಳೆಲ್ಲ ಹೆಚ್ಚುಕಮ್ಮಿ ಅಮೆರಿಕ ಖಂಡದವು. ಕೆಂಪು ಬಣ್ಣ ಕೊಡುವ ಹುಳು ಸಾಕೋಕೆ ಅಂತ ಕಂಪನಿ ಸರ್ಕಾರದ ಕಾಲದಲ್ಲಿ ಇವನ್ನು ಇಲ್ಲಿ ಬೆಳೆಸಿದರು. ಆಮೇಲೆ ಹೊಲ, ಬೇಲಿ, ಗೋಮಾಳ ಎಲ್ಲಾ ಆವರಿಸಿಕೊಂಡು ತಲೆನೋವಾಯಿತು. 1920ರ ದಶಕದಲ್ಲಿ ಇನ್ನೊಂದು ಜಾತಿಯ ಹುಳು ತಂದು ಬಿಟ್ಟು ಅದನ್ನು ಹತೋಟಿಗೆ ತರಬೇಕಾಯಿತು. ಹೊರಗಿನಿಂದ ಬಂದದ್ದು ಯಾರು ಕಿತ್ತರೂ ಮುಗಿಯೋದಿಲ್ಲ. ಇಲ್ಲೇ ಹುಟ್ಟಿದ್ದು ಒಬ್ಬ ಚೀಲ ಹಿಡಿದು ಬಂದರೆ ಮುಗಿದುಹೋಗುತ್ತೆ.

ಅಕ್ಕ ತಂಗಿ ಹೊಂಡದ ಹತ್ತಿರ ಕೂತೆವು. ದುರ್ಗದ ಕೋಟೆ ಮುತ್ತಿಗೆ ತಡೆದುಕೊಂಡಿದ್ದರಲ್ಲಿ ಈ ಹೊಂಡಗಳ ಪಾಲೂ ಇದೆ. ಮೇಲಿನ ಹೊಂಡ ತುಂಬಿ ಕೆಳಗಿನದಕ್ಕೆ ಇಳಿಯುತ್ತೆ, ಒಂದು ಹನಿಯೂ ಸುಮ್ನೆ ಹೋಗೋದಿಲ್ಲ. ರಸ ತುಂಬಿದ ಈ ಗಿಡಗಳ ಕಾಂಡವೂ ಅಂಥದ್ದೇ ಹೊಂಡ. ಮಳೆ ಬಂದಾಗ ತುಂಬಿಕೊಳ್ಳುತ್ತೆ, ಬೇಸಿಗೆಯಲ್ಲಿ ಅಳೆದು ತೂಗಿ ಖರ್ಚು ಮಾಡುತ್ತೆ. ಬೇರೆ ಗಿಡಗಳು ಹಗಲು ಹೊತ್ತು ಎಲೆಯ ರಂಧ್ರ ತೆರೆದು ಗಾಳಿ ಎಳೆದುಕೊಂಡರೆ ಇವುಗಳಲ್ಲಿ ಬಹಳಷ್ಟು ರಾತ್ರಿ ತೆರೆಯುತ್ತವೆ. ತಂಪು ಹೊತ್ತಲ್ಲಿ ಬಾಯಿ ಬಿಟ್ಟರೆ ನೀರು ಆರಿಹೋಗೋದು ಕಡಿಮೆ, ಅಲ್ವಾ? ಅದಕ್ಕೇ ಬೆಳವಣಿಗೆ ನಿಧಾನ. ಒಂದು ಗೇಣು ಎತ್ತರ ಆಗೋಕೆ ವರ್ಷಗಟ್ಟಲೆ ಬೇಕು. ಗುಡ್ಡದ ಗಿಡ ಕಿತ್ತು ಮಾರುವ ಕಳ್ಳರಿಗೆ ಇಷ್ಟ ಆಗೋದೂ ಅದೇ. ಬೆಳೆಸುತ್ತಾ ಕೂರೋ ಬದಲು ಬೆಳೆದದ್ದನ್ನೇ ಕಿತ್ತು ತಂದರೆ ಆಯಿತು.

ರಾತ್ರಿ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತಾ ಮೇಷ್ಟ್ರು ಹೊರದೇಶದ ಕಥೆಗಳನ್ನು ತೆಗೆದರು. ದಕ್ಷಿಣ ಆಫ್ರಿಕಾದ ಪಶ್ಚಿಮ ಅಂಚಿನಲ್ಲಿ ಕರೂ ಅನ್ನೋ ಒಣ ಸೀಮೆ ಇದೆ. ಅಲ್ಲಿ ಕೊನೊಫೈಟಮ್ ಅಂತ ಗಿಡ. ಹೆಬ್ಬೆರಳಿನಷ್ಟು ಇರುತ್ತೆ, ನೋಡಿದರೆ ಗುಂಡನೆಯ ಹಸಿರು ಕಲ್ಲು. 2019ರಿಂದ ಈಚೆಗೆ ಅದಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು, ಅದರಲ್ಲೂ ಪೂರ್ವ ಏಷ್ಯಾದ ದೇಶಗಳಿಂದ. ಮೊದಮೊದಲು ಹೊರಗಿನವರೇ ವಿಮಾನ ಹತ್ತಿ ಬಂದು ಕೀಳುತ್ತಿದ್ದರು. ಕೊರೋನಾ ಬಂದು ವಿಮಾನ ನಿಂತಿತು. ಆಗ ಫೋನಿನಲ್ಲೇ ಫೋಟೋ ಕಳಿಸಿ, ಅಲ್ಲಿನ ಕೆಲಸವಿಲ್ಲದ ಹುಡುಗರ ಕೈಯಲ್ಲಿ ಕೀಳಿಸೋಕೆ ಶುರು ಮಾಡಿದರು. ಪೊಲೀಸರು ಹಿಡಿದ ಗಿಡಗಳ ಲೆಕ್ಕವೇ ಲಕ್ಷಗಳಲ್ಲಿದೆ. ಹಿಡಿದ ಗಿಡವನ್ನು ಎಲ್ಲಿಡೋದು ಅನ್ನೋದೇ ಅಲ್ಲಿನ ಸಸ್ಯೋದ್ಯಾನಗಳಿಗೆ ಇನ್ನೊಂದು ತಲೆಬಿಸಿ. ಕೆಲವು ಜಾತಿಗಳು ಒಂದೇ ಒಂದು ಗುಡ್ಡದಲ್ಲಿ ಮಾತ್ರ ಇರುವಂಥವು. ಆ ಗುಡ್ಡ ಖಾಲಿಯಾದರೆ ಕಾಡಿನಲ್ಲಿ ಆ ಜಾತಿ ಮುಗಿದ ಹಾಗೆ.

ಕ್ಯಾಲಿಫೋರ್ನಿಯಾದ ಕಥೆ ಇನ್ನೂ ಮಜವಾಗಿದೆ. ಸಮುದ್ರದ ಅಂಚಿನ ಕಡಿದಾದ ಬಂಡೆಗಳ ಮೇಲೆ ಬೆಳೆಯುವ ಡಡ್ಲಿಯಾ ಗಿಡವನ್ನು ಕಿತ್ತು ಪಾರ್ಸೆಲ್ ಮಾಡಿ ಕಳಿಸುತ್ತಿದ್ದರು. ಪೋಸ್ಟ್ ಆಫೀಸಿನ ಸಾಲಿನಲ್ಲಿ ನಿಂತಿದ್ದ ಒಬ್ಬರಿಗೆ ಮುಂದಿದ್ದವನ ರಾಶಿ ಡಬ್ಬಗಳನ್ನು ನೋಡಿ ಅನುಮಾನ ಬಂತು, ದೂರು ಕೊಟ್ಟರು. ಅಲ್ಲಿಂದ ಜಾಲ ಬಿಚ್ಚಿಕೊಂಡಿತು. 2021ರಲ್ಲಿ ಆ ಗಿಡಕ್ಕೆಂದೇ ಬೇರೆ ಕಾನೂನು ಬಂತು.

"ಅದಿರಲಿ, ಇಟಲಿಯಲ್ಲಿ ಸಿಕ್ಕಿದ್ದು ಕೇಳು" ಅಂದರು ಮೇಷ್ಟ್ರು. 2020ರಲ್ಲಿ ಅಲ್ಲಿನ ಪೊಲೀಸರು ಒಬ್ಬನ ಮನೆಯಲ್ಲಿ ಸಾವಿರಕ್ಕೂ ಜಾಸ್ತಿ ಕ್ಯಾಕ್ಟಸ್ ಹಿಡಿದರು. ಎಲ್ಲಾ ಚಿಲಿ ದೇಶದ ಅಟಕಾಮ ಮರುಭೂಮಿಯವು, ಸಮುದ್ರದ ಮಂಜು ಕುಡಿದು ಬದುಕುವಂಥವು. ಕೆಲವಕ್ಕೆ ನೂರು ವರ್ಷ ದಾಟಿತ್ತು. ಮರುವರ್ಷ ಎಂಟುನೂರಕ್ಕೂ ಹೆಚ್ಚು ಗಿಡಗಳನ್ನು ಮತ್ತೆ ಚಿಲಿಗೆ ಕಳಿಸಿದರು. ಎಲ್ಲಾ ಕ್ಯಾಕ್ಟಸ್ ಜಾತಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಅಳಿವಿನ ಅಂಚಿಗೆ ಬಂದಿದೆ ಅಂತ 2015ರಲ್ಲೇ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

"ನಮ್ಮಲ್ಲಿ ಇದೆಲ್ಲಾ ಎಲ್ಲಿ ಸಾರ್?" ಅಂದೆ.

"ನಾಳೆ ನೋಡುವಂತೆ ಬಾ" ಅಂದು ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡರು.

ಶನಿವಾರ: ಜೋಗಿಮಟ್ಟಿ

ಜೋಗಿಮಟ್ಟಿ ಅಂದರೆ ದುರ್ಗದ ಪಕ್ಕದ ಗುಡ್ಡಗಾಡು, ವನ್ಯಜೀವಿಧಾಮ. ಅರಣ್ಯ ಇಲಾಖೆಯ ಗೇಟಿನಲ್ಲಿ ಹೆಸರು ಬರೆಸಿ, ದುಡ್ಡು ಕಟ್ಟಿ ಹೊರಟೆವು. ಜೊತೆಗೊಬ್ಬ ವಾಚರ್ ಬಂದ. ಆ ಹುಡುಗನಿಗೆ ಗಿಡಗಳ ಹೆಸರು ನನಗಿಂತ ಜಾಸ್ತಿ ಗೊತ್ತಿತ್ತು. ಮೇಲೆ ಹೋದ ಹಾಗೆ ಗಾಳಿ. ಗಾಳಿಯಂತ್ರಗಳು ದೂರದ ಸಾಲುಗುಡ್ಡಗಳ ಮೇಲೆ ತಿರುಗುತ್ತಿದ್ದವು. ಮಂಜು ಬಂದು ದಾರಿ ಮುಚ್ಚೋದು, ಅರೆಗಳಿಗೆಯಲ್ಲಿ ಬಿಸಿಲು. ಬಯಲುಸೀಮೆಯ ಊಟಿ ಅಂತ ಇದನ್ನು ಕರೆಯೋದು ಸ್ವಲ್ಪ ಅತಿಯಾಯಿತು ಅಂತ ನನ್ನ ಅಭಿಪ್ರಾಯ. ಆದರೂ ಕೆಳಗಿನ ದುರ್ಗಕ್ಕೂ ಇಲ್ಲಿಗೂ ಸಂಬಂಧವೇ ಇಲ್ಲ ಅನ್ನಿಸೋದು ನಿಜ.

ದಾರಿ ಬಿಟ್ಟು ಸ್ವಲ್ಪ ಒಳಗೆ, ಬಂದರಿಕೆ ಪೊದೆಗಳ ನಡುವೆ, ಇಳಿಜಾರಿನಲ್ಲಿ ಗುಂಡಿಗಳು ಕಂಡವು. ಮೊಣಕಾಲುದ್ದ ಆಳ. ಅಕ್ಕಪಕ್ಕ ಕಲ್ಲು ಎತ್ತಿ ಬಿಸಾಡಿದ್ದರು.

"ನಿಧಿ ತೆಗೆಯೋರ ಕೆಲಸನಾ?" ಅಂತ ಕೇಳಿದೆ. ದುರ್ಗದ ಕಡೆ ಗುಂಡಿ ಕಂಡರೆ ಮೊದಲು ಬರೋ ಯೋಚನೆ ಅದೇ. ನಿಧಿ ಆಸೆಗೆ ಗುಡಿ, ಬಸವಣ್ಣ, ಹುತ್ತ ಯಾವುದನ್ನೂ ಬಿಟ್ಟಿಲ್ಲ ನಮ್ಮವರು.

"ಇಲ್ಲ ಸಾರ್, ಇದು ಮಾಕಳಿ ಗುಂಡಿ" ಅಂದ ವಾಚರ್.

ಮಾಕಳಿ ಬೇರು, ಕೆಲವರು ಮಾಗಳಿ ಅಂತಾರೆ. ಉಪ್ಪಿನಕಾಯಿ ತಿಂದವರಿಗೆ ಆ ವಾಸನೆ ಮರೆಯೋದಿಲ್ಲ. ಇಷ್ಟವಿಲ್ಲದವರು ಜಾಡಿ ತೆಗೆದರೆ ಎದ್ದು ಹೋಗುತ್ತಾರೆ. ಕಲ್ಲುಗುಡ್ಡದ ಸಂದಿಗಳಲ್ಲಿ ಬೆಳೆಯುವ ಬಳ್ಳಿ ಇದು. ನೀರನ್ನೂ ಆಹಾರವನ್ನೂ ನೆಲದ ಕೆಳಗೆ, ದಪ್ಪ ದಪ್ಪ ಬೇರುಗಳಲ್ಲಿ ಕೂಡಿಟ್ಟುಕೊಳ್ಳುತ್ತೆ. ಬೇರು ಬೇಕು ಅಂದರೆ ಬುಡ ಅಗೆಯಲೇಬೇಕು. ಹಾರೆ ಹಾಕಿ ಬಂಡೆ ಮೀಟಿ ಪೂರ್ತಿ ತೆಗೆದರೆ ಬಳ್ಳಿಯ ಕಥೆ ಅಲ್ಲಿಗೆ ಮುಗೀತು. ಬರೀ ಉಪ್ಪಿನಕಾಯಿಗೆ ಅಂದುಕೊಳ್ಳಬೇಡಿ. ಸೊಗದೆ ಬೇರಿನ ಬದಲಿಗೆ ಔಷಧಿ ಅಂಗಡಿಗಳಿಗೆ, ಶರಬತ್ತು ಮಾಡುವವರಿಗೆ ಇದು ಹೋಗುತ್ತೆ. ಊರಿನವರು ಮನೆ ಖರ್ಚಿಗೆ ಅಗೆಯುತ್ತಿದ್ದ ಕಾಲದಲ್ಲಿ ಗುಡ್ಡ ತಡೆದುಕೊಂಡಿತ್ತು, ಮೂಟೆ ಲೆಕ್ಕಕ್ಕೆ ತಡೆಯಲಿಲ್ಲ. ಈಗ ಇದು ಅಳಿವಿನಂಚಿನ ಸಸ್ಯಗಳ ಪಟ್ಟಿಯಲ್ಲಿದೆ.

ಮೇಷ್ಟ್ರು ಗುಂಡಿಯಲ್ಲಿ ಕೈ ಹಾಕಿ ಕೆದಕಿದರು. ಕಿರುಬೆರಳಿನಷ್ಟು ಒಂದು ತುಂಡು ಉಳಿದಿತ್ತು. ಮೇಲೆ ಒಣಗಿ ಸುಕ್ಕಾಗಿತ್ತು. ಉಗುರಿನಿಂದ ಸಿಪ್ಪೆ ಗೀರಿದ ತಕ್ಷಣ ಘಮ್ ಅಂತ ವಾಸನೆ. ಐಸ್‌ಕ್ರೀಮಿಗೆ ಹಾಕುವ ವೆನಿಲ್ಲಾದ ವಾಸನೆಯ ರಾಸಾಯನಿಕವೂ ಈ ಬೇರಿನದ್ದೂ ಒಂದೇ ಪರಮಾಣುಗಳ ಬೇರೆ ಬೇರೆ ಜೋಡಣೆ ಅಂತೆ. ಆ ತುಂಡನ್ನು ಮತ್ತೆ ಅಲ್ಲೇ ಇಟ್ಟು, ಮಣ್ಣು ಮುಚ್ಚಿ, ಮೇಲೊಂದು ಕಲ್ಲಿಟ್ಟರು. ಚಿಗುರಿದರೂ ಚಿಗುರಬಹುದು.

ವಾಚರ್ ಬಿಚ್ಚಿ ಮಾತಾಡಿದ. ವನ್ಯಜೀವಿಧಾಮದ ಒಳಗೆ ಪ್ರಾಣಿ ಮಾತ್ರ ಅಲ್ಲ, ಗಿಡ ಕಿತ್ತರೂ 1972ರ ಕಾಯ್ದೆ ಪ್ರಕಾರ ಅಪರಾಧವೇ. ಆದರೆ ಹಿಡಿದರೆ ಸಿಗೋದು ಯಾರು? "ಕೂಲಿ ಮಾಡೋರು ಸಾರ್. ಕೈಯಲ್ಲಿ ಹಾರೆ, ಬೆನ್ನಿಗೆ ಚೀಲ. ಕೇಸ್ ಹಾಕಿದ್ರೆ ಜಾಮೀನಿಗೂ ದುಡ್ಡಿರಲ್ಲ. ಮೂಟೆ ತಗೊಳ್ಳೋನು ಗುಡ್ಡದ ಕಡೆ ತಲೆನೂ ಹಾಕಲ್ಲ" ಅಂದ. ಅವನ ಬೀಟ್ ಎಷ್ಟು ದೊಡ್ಡದು ಅಂತ ಕೈ ತೋರಿಸಿದ. ಒಂದು ಗುಡ್ಡ, ಅದರಾಚೆ ಇನ್ನೊಂದು, ಅದರಾಚೆ ಮಂಜು. ಅಷ್ಟಕ್ಕೂ ಅವನೊಬ್ಬನೇ ನಡೆಯಬೇಕು.

ಅಲ್ಲೇ ಇರುವ ಹಿಮವತ್ಕೇದಾರ ಜಲಪಾತದಲ್ಲಿ ನೀರು ಬೀಳುತ್ತಿತ್ತು, ನೋಡಿ ಕೈಮುಗಿದು ಇಳಿದೆವು.

ಭಾನುವಾರ: ಹೆಸರು ಬರೆಯದ ಗುಡ್ಡ

ಬೆಳಗ್ಗೆ ಮೊದಲು ಐಮಂಗಲದ ಕಡೆ ಮರಡಿಹಳ್ಳಿಗೆ ಹೋದೆವು. ಕೋಟ್ಯಂತರ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ ದಿಂಬಿನ ಆಕಾರದಲ್ಲಿ ಗಟ್ಟಿಯಾದ ಕಲ್ಲುಗಳು ಅಲ್ಲಿವೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡಿದೆ, ನೋಡೋಕೆ ಬಂದಿದ್ದವರು ಮಾತ್ರ ನಾವಿಬ್ಬರೇ. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಅಲ್ಲಿಂದ ಮುಂದೆ ಯಾವ ಕಡೆ ಹೋದೆವು ಅಂತ ಬರೆಯೋದಿಲ್ಲ. ಬೈಕ್ ನಿಲ್ಲಿಸಿದ ಕೂಡಲೇ ಮೇಷ್ಟ್ರು ನನ್ನ ಫೋನ್ ಇಸಿದುಕೊಂಡು ಕ್ಯಾಮೆರಾದ ಲೊಕೇಶನ್ ಆಫ್ ಮಾಡಿದರು. ಫೋಟೋ ಜೊತೆ ಜಾಗದ ಗುರುತೂ ಒಳಗೆ ಕೂತಿರುತ್ತೆ, ತೆಗೆಯಬಲ್ಲವರು ತೆಗೆಯುತ್ತಾರೆ. ಈಗ ಹೊಸ ಜಾತಿ ಕಂಡುಹಿಡಿದ ವಿಜ್ಞಾನಿಗಳೂ ಎಷ್ಟೋ ಸಲ ಪ್ರಬಂಧದಲ್ಲಿ ನಿಖರವಾದ ಜಾಗ ಬರೆಯದೆ ಬಿಡುತ್ತಾರೆ. ಬರೆದರೆ ಮೊದಲು ಓದೋದು ಗಿಡ ಮಾರುವವರೇ.

ಕಾರೆಕಂಟಿ, ಜಾಲಿ, ತಂಗಡಿ, ಮಧ್ಯೆ ಬಾದೆ ಹುಲ್ಲು. ಮೇಷ್ಟ್ರು ಒಂದೊಂದು ಮುಳ್ಳುಪೊದೆಯ ಬುಡವನ್ನೂ ಬಗ್ಗಿ ನೋಡುತ್ತಾ ಹೋದರು. ಬಯಲಲ್ಲಿದ್ದದ್ದನ್ನು ಆಡು ಬಿಡೋದಿಲ್ಲ, ಪೊದೆಯೊಳಗೆ ಉಳಿದದ್ದೇ ಉಳಿದದ್ದು. ಬಿಸಿಲೇರುವ ಹೊತ್ತಿಗೆ ಒಂದು ಕಾರೆಕಂಟಿಯ ಅಡಿಯಲ್ಲಿ ಸಿಕ್ಕಿತು: ಕ್ಯಾರಲ್ಲೂಮ.

ಹೊಟ್ಟೆ ಮೇಲೆ ಮಲಗಿ ನೋಡಬೇಕು. ಬೂದು ಹಸಿರಿನ ಕಡ್ಡಿಗಳು, ನಾಲ್ಕು ಮೂಲೆ, ತುದಿಗೆ ಹೋದ ಹಾಗೆ ಸಣ್ಣ. ತುದಿಯುದ್ದಕ್ಕೂ ಹೂವು, ಶರ್ಟಿನ ಗುಂಡಿಗಿಂತ ಸ್ವಲ್ಪ ದೊಡ್ಡವು. ಕಂದು ನೇರಳೆ ಬಣ್ಣದ ಐದು ದಳ. ದಳದ ಅಂಚಿಗೆ ನೇರಳೆ ಕೂದಲು, ಉಸಿರು ತಾಗಿದರೂ ಅಲ್ಲಾಡುತ್ತೆ. ಭೂತಗನ್ನಡಿ ಹಿಡಿದೆ. ಒಂದು ಸಣ್ಣ ನೊಣ ಬಂದು ಹೂವಿನ ನಡುವೆ ಕೂತಿತು. ಹೊರಡುವಾಗ ಅದರ ಕಾಲಿಗೆ ಹಳದಿ ಚುಕ್ಕೆ ಅಂಟಿತ್ತು. ಈ ಗಿಡಗಳಲ್ಲಿ ಪರಾಗ ಪುಡಿಯಾಗಿರೋದಿಲ್ಲ, ಜೋಡಿ ಗಂಟಾಗಿರುತ್ತೆ. ನಡುವೆ ಒಂದು ಕೊಂಡಿ. ನೊಣದ ಮೂತಿಯೋ ಕಾಲೋ ಸಿಕ್ಕಿಕೊಂಡರೆ ಗಂಟು ಸಮೇತ ಹೊತ್ತುಕೊಂಡು ಹೋಗುತ್ತೆ. ಮುಂದಿನ ಗಿಡ ನೊಣಕ್ಕೆ ಸಿಗುವಷ್ಟು ಹತ್ತಿರ ಇದ್ದರೆ ಕಾಯಿ ಕಟ್ಟುತ್ತೆ. ಎರಡು ಕೋಡಿನ ಹಾಗೆ ಬರುವ ಆ ಕಾಯಿ ಒಡೆದರೆ ರೇಷ್ಮೆ ಕೂದಲು ಕಟ್ಟಿಕೊಂಡ ಬೀಜಗಳು ಗಾಳಿಗೆ ಹಾರುತ್ತವೆ. ಈ ಸರಪಳಿಯಲ್ಲಿ ಹಳೆಯ, ದೊಡ್ಡ ಗಿಡಗಳೇ ಮುಖ್ಯ, ಹೂ ಜಾಸ್ತಿ ಬಿಡೋದು ಅವೇ. ಕೀಳುವವರ ಕಣ್ಣಿಗೆ ಬೀಳೋದೂ ಅವೇ.

ಈ ಕಡ್ಡಿಯನ್ನು ಹಳ್ಳಿಯವರು ಹಸಿಯಾಗಿ ತಿಂತಾರೆ, ಚಟ್ನಿ ಮಾಡುತ್ತಾರೆ. ದೂರ ನಡೆಯುವವರು ಹಸಿವು ತಡೆಯೋಕೆ ಅಗಿಯುತ್ತಿದ್ದರು. ಅದನ್ನೇ ಹಿಡಿದು ಬೆಂಗಳೂರಿನ ಸಂಶೋಧಕರು ಇದರ ಸಾರವನ್ನು ಜನರಿಗೆ ಕೊಟ್ಟು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಹಸಿವು, ಸೊಂಟದ ಸುತ್ತಳತೆ ಸ್ವಲ್ಪ ಇಳಿಯಿತು, ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಆದರೂ ಸಣ್ಣಗಾಗುವ ಮಾತ್ರೆ ಅಂತ ಇದರ ಸಾರ ಇವತ್ತು ಲೋಕವೆಲ್ಲಾ ಮಾರಾಟವಾಗುತ್ತಿದೆ. ಒಂದು ಕಡೆ ಅಂದಕ್ಕೆ ಕುಂಡದ ಗಿರಾಕಿ, ಇನ್ನೊಂದು ಕಡೆ ಹೊಟ್ಟೆ ಕರಗಿಸೋ ಗಿರಾಕಿ.

"ಏನ್ ಹುಡುಕ್ತೀರಪ್ಪ, ನಿಧಿನಾ?"

ಹಿಂದೆ ತಿರುಗಿದರೆ ಕಂಬಳಿ ಹೊದ್ದ ಅಜ್ಜ, ಕೈಯಲ್ಲಿ ಕೋಲು. ಆಡು ಕುರಿ ಕೆಳಗೆ ಮೇಯುತ್ತಿದ್ದವು. ಮೇಷ್ಟ್ರು ಎದ್ದು ಮಣ್ಣು ಕೊಡವಿಕೊಂಡು ಗಿಡ ತೋರಿಸಿದರು.

"ಓ, ಇದಾ. ಹೋದ ವರ್ಷ ಇದನ್ನ ಕೇಳ್ಕೊಂಡು ಇಬ್ರು ಬಂದಿದ್ರು. ಫೋನಲ್ಲಿ ಪಟ ತೋರ್ಸಿದ್ರು. ನಮ್ಮ ಹಟ್ಟಿ ಹುಡುಗನ್ನೇ ಕರ್ಕೊಂಡೋದ್ರು, ಚಾ ಕಾಸು ಕೊಟ್ರಂತೆ."

"ಎಷ್ಟು ಕಿತ್ರು ಅಜ್ಜ?"

"ಗೊಬ್ಬರದ ಚೀಲದ ತುಂಬ. ಆಡು ಮ್ಯಾಲೆ ಕಚ್ಚಿದ್ರೆ ಮತ್ತೆ ಚಿಗುರ್ತದೆ ಕಣಪ್ಪ. ಇವ್ರು ಬುಡ ಸಮೇತ ಕಿತ್ರು."

ಅಜ್ಜ ತೋರಿಸಿದ ಕಡೆ ಹೋದೆವು. ಪೊದೆಗಳನ್ನು ಮಚ್ಚಿನಲ್ಲಿ ಸವರಿದ ಗುರುತು ಇನ್ನೂ ಇತ್ತು. ಬುಡಗಳಲ್ಲಿ ಏನೂ ಇರಲಿಲ್ಲ. ಬಂಡೆಯ ಒಂದು ಸಂದಿಯಲ್ಲಿ ಮಾತ್ರ ಕೈಗೆ ಸಿಗದ ಒಂದು ಗುಂಪು ಉಳಿದಿತ್ತು. ಅದು ಈ ಗಿಡದ ದಪ್ಪ ಕಾಂಡದ ನೆಂಟ, ತುದಿಯಲ್ಲಿ ಚೆಂಡಿನಾಕಾರದ ಹೂಗೊಂಚಲು, ಕೊಳೆತ ಮಾಂಸದ ವಾಸನೆ. ಮೂಗು ಮುಚ್ಚಿಕೊಂಡು ಸಂತೋಷಪಟ್ಟೆವು.

ಬೇಸರದ ಸಂಗತಿ ಇನ್ನೊಂದಿದೆ. ಹೀಗೆ ಕಿತ್ತ ಗಿಡಗಳಲ್ಲಿ ಎಷ್ಟೋ ಬದುಕೋದೇ ಇಲ್ಲ. ಬಂಡೆಯಿಂದ ಕೀಳುವಾಗ ಬೇರು ಹರಿಯುತ್ತೆ. ಹರಿದ ಬೇರನ್ನು ಕುಂಡದ ಗೊಬ್ಬರದ ಮಣ್ಣಿಗಿಟ್ಟು ದಿನಾ ಪ್ರೀತಿಯಿಂದ ನೀರು ಹಾಕಿದರೆ ಬುಡ ಕೊಳೆಯುತ್ತೆ. ಮಹಾರಾಷ್ಟ್ರದ ಶಿವನೇರಿ ಕೋಟೆಯ ಬಂಡೆಗಳಲ್ಲಿ ಇದರದೇ ಬಳಗದ ಫ್ರೆರಿಯಾ ಇಂಡಿಕಾ ಇದೆ, ಬಹಳ ಅಪರೂಪದ್ದು. ಕಡ್ಡಿ ನೆಟ್ಟರೆ ಸುಲಭವಾಗಿ ಬೇರು ಬಿಡುತ್ತೆ, ಸಸ್ಯೋದ್ಯಾನಗಳಲ್ಲಿ ಚೆನ್ನಾಗಿ ಬೆಳೆಸಿದ್ದಾರೆ. ಅದನ್ನಾಗಲಿ, ಅದೇ ಬಳಗದ ಸೆರೋಪೆಜಿಯಾ ಜಾತಿಗಳನ್ನಾಗಲಿ ಕಾಡಿನಿಂದ ಕಿತ್ತು ಹೊರದೇಶಕ್ಕೆ ಕಳಿಸುವಂತಿಲ್ಲ ಅಂತ ನಿಯಮವೂ ಇದೆ. ಊರೊಳಗಿನ ಮಾರಾಟಕ್ಕೆ ಬಂದರೆ ಕೇಳುವವರು ಕಡಿಮೆ.

ಹೊರಡುವಾಗ ಮೇಷ್ಟ್ರು ಅಜ್ಜನಿಗೆ ಉಳಿದ ಮಂಡಕ್ಕಿ ಕೊಟ್ಟು, "ಇನ್ನೊಂದ್ಸಲ ಯಾರಾದ್ರೂ ಬಂದ್ರೆ ಇಲ್ಲ ಅಂದ್ಬಿಡಿ ಯಜಮಾನ್ರೇ" ಅಂದರು. ಅಜ್ಜ ನಕ್ಕ. "ನಾನು ಇಲ್ಲ ಅಂದ್ರೆ ಹುಡುಗ್ರು ಇದೆ ಅಂತಾರೆ. ಅವ್ರಿಗೂ ಕಾಸು ಬೇಕಲ್ಲ."

ಸೋಮವಾರ: ಜಗಳೂರು, ದಾವಣಗೆರೆ

ವಾಪಸ್ ಬರುವಾಗ ಜಗಳೂರಿನ ಮೇಲೆ ಬಂದೆವು. ರಂಗಯ್ಯನದುರ್ಗದ ಕಾಡು ನಾಲ್ಕು ಕೊಂಬಿನ ಕೊಂಡುಕುರಿಗೆ ಹೆಸರುವಾಸಿ, 2011ರಲ್ಲಿ ವನ್ಯಜೀವಿಧಾಮ ಆಗಿದ್ದೇ ಅದಕ್ಕಾಗಿ. ಅಂಚಿನಲ್ಲಿ ನಿಂತು ನೋಡಿದೆವು, ಕೊಂಡುಕುರಿ ಕಾಣಲಿಲ್ಲ. ಮಳೆ ಹನಿಯೋಕೆ ಶುರುವಾಯಿತು, ಹೊರಟೆವು.

ದಾವಣಗೆರೆಯಲ್ಲಿ ಸೀದಾ ಒಂದು ನರ್ಸರಿಗೆ. ಯಾವುದು ಅಂತ ಕೇಳಬೇಡಿ. ಮುಂದಿನ ಸಾಲಿನಲ್ಲಿ ಟ್ರೇ ತುಂಬ ಪುಟ್ಟ ಪುಟ್ಟ ಹಾವರ್ತಿಯಾ, ಎಚೆವೇರಿಯಾ, ರಸ ತುಂಬಿದ ಎಲೆಯ ಕುಂಡದ ಗಿಡಗಳು. ಎಲ್ಲಾ ಒಂದೇ ಅಳತೆ, ಮೈಮೇಲೆ ಒಂದು ಗೀರಿಲ್ಲ, ಮಣ್ಣಿನ ಬದಲು ತೆಂಗಿನ ನಾರಿನ ಪುಡಿ. ಇವು ನರ್ಸರಿಯಲ್ಲೇ ಹುಟ್ಟಿದ ಗಿಡಗಳು, ನಿಶ್ಚಿಂತೆಯಿಂದ ತಗೊಳ್ಳಬಹುದು. ಹಿಂದಿನ ಮೂಲೆಯಲ್ಲಿ ಕಪ್ಪು ಕವರಿನಲ್ಲಿ ಏಳೆಂಟು ಬೇರೆ ಥರದವು. ಒಂದರಂತೆ ಇನ್ನೊಂದಿಲ್ಲ. ಬುಡ ತೊಗಟೆಗಟ್ಟಿದೆ, ಒಂದು ಕಡೆ ಬಿಸಿಲಿಗೆ ಸುಟ್ಟ ಕಲೆ, ಆಡು ಕಚ್ಚಿ ಮತ್ತೆ ಚಿಗುರಿದ ಗಾಯ. ಬೇರಿನಲ್ಲಿ ಇನ್ನೂ ಕೆಂಪು ಗರಸು ಮಣ್ಣು ಸಿಕ್ಕಿಕೊಂಡಿತ್ತು. ಮೇಷ್ಟ್ರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

"ಇದೆಲ್ಲಿಂದ ಬಂತಪ್ಪ?"

"ಒಬ್ಬ ತಂದು ಕೊಡ್ತಾನೆ ಸಾರ್. ಗುಡ್ಡದ್ದು, ಒರಿಜಿನಲ್. ನೂರೈವತ್ತು. ನಿಮಗಾದ್ರೆ ನೂರಿಪ್ಪತ್ತು."

ಒರಿಜಿನಲ್ ಅನ್ನೋದೇ ಅವನಿಗೆ ಜಾಹೀರಾತು. ಮೇಷ್ಟ್ರು ರೇಗಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು ಪಾಠ ಶುರು ಮಾಡಿದರು. ಇರುವ ಈ ಗಿಡಗಳಿಂದಲೇ ಕಡ್ಡಿ ಕತ್ತರಿಸು, ಕತ್ತರಿಸಿದ ಕಡೆ ರಸ ಒಣಗಲಿ, ನಾಲ್ಕೈದು ದಿನ ನೆರಳಲ್ಲಿಡು, ಆಮೇಲೆ ಮರಳಿನಲ್ಲಿ ನೆಡು, ನೀರು ಕಡಿಮೆ ಹಾಕು. ಬಿಲ್ ಪುಸ್ತಕದ ಹಿಂದೆ ಮರಳು, ಗರಸು, ಮಣ್ಣಿನ ಅಳತೆಯನ್ನೂ ಬರೆದುಕೊಟ್ಟರು.

ಅವನು ಮರ್ಯಾದೆಯಿಂದಲೇ ಕೇಳಿಸಿಕೊಂಡ. ಆಮೇಲೆ ಕೇಳಿದ: "ನೂರು ಕಡ್ಡಿ ಬೇರು ಬಿಟ್ಟು ಮಾರೋ ಸೈಜಿಗೆ ಬರೋಕೆ ಎಷ್ಟು ದಿನ ಸಾರ್?"

"ಒಂದು ವರ್ಷ, ಒಂದೂವರೆ ವರ್ಷ ಅಂತಿಟ್ಕೋ."

"ಅವನಿಗೆ ಈಗ ಫೋನ್ ಮಾಡಿದ್ರೆ ನಾಳಿದ್ದು ತಂದು ಹಾಕ್ತಾನೆ ಸಾರ್, ಒಂದಕ್ಕೆ ಮೂವತ್ತರ ಹಾಗೆ. ನನ್ನ ಬಾಡಿಗೆ ತಿಂಗಳು ತಿಂಗಳು ಕಟ್ಟಬೇಕು."

ಇದಕ್ಕೆ ಮೇಷ್ಟ್ರ ಹತ್ತಿರವೂ ಸುಲಭದ ಉತ್ತರ ಇರಲಿಲ್ಲ. "ಗಿರಾಕಿ ಬಂದು ಎಲ್ಲಿಂದ ಬಂತು ಅಂತ ಕೇಳ್ತಾರಾ?" ಅಂದರು.

"ನೀವೇ ಮೊದಲು" ಅಂದ.

ಆದರೂ ಆ ಚೀಟಿಯನ್ನು ಬಿಸಾಡಲಿಲ್ಲ, ಗಲ್ಲಾಪೆಟ್ಟಿಗೆಯಲ್ಲಿ ಹಾಕಿಕೊಂಡ. ಹತ್ತು ಕಡ್ಡಿ ಹಾಕಿ ನೋಡ್ತೀನಿ, ಬಂದರೆ ನೋಡೋಣ ಅಂದ. ಮೇಷ್ಟ್ರು ಮುಂದಿನ ಸಾಲಿನಿಂದ ಎರಡು ಹಾವರ್ತಿಯಾ ಎತ್ತಿಕೊಂಡರು. ಅರವತ್ತಕ್ಕೊಂದು ಅಂದ ಅವನು. ಜೋಡಿಗೆ ನೂರು ಮಾಡಿಸಿಕೊಂಡು ಹೊರಗೆ ಬಂದೆವು.